ಸತ್ತ ಜಿರಳೆ ಕಾಣದ ಐದು ತಿಂಗಳು: ಒಂದು ಡಬ್ಬಿಯ ಪ್ರಕರಣ ಅಧ್ಯಯನ

ಬಿಯರ್ಡೆಡ್ ಡ್ರ್ಯಾಗನ್ ಅನ್ನುವ ಓತಿ ಸಾಕಿದವರಿಗೆ ಜಿರಳೆ ಸಾಕುವ ಕೆಲಸವೂ ತಪ್ಪಿದ್ದಲ್ಲ. ಪ್ರತಿ ಸಲ ಹುಳ ಕೊಂಡು ತರುವ ಬದಲು ನಾವೇ ಬೆಳೆಸಿಕೊಂಡರೆ ಆಯ್ತು ಅನ್ನಿಸುತ್ತದೆ. ನಾನೂ ಹಾಗೇ ಶುರು ಮಾಡಿದೆ. ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಒಳಗೆ ನೆಟ್ಟಗೆ ನಿಲ್ಲಿಸಿದ ಮೊಟ್ಟೆ ಟ್ರೇಗಳು, ಡಬ್ಬಿಯ ಅಡಿಗೆ ಶಾಖ ಕೊಡುವ ಹೀಟ್ ಮ್ಯಾಟ್, ಶಾಖ ಹೆಚ್ಚಾದರೆ ಅದನ್ನು ನಿಲ್ಲಿಸಲು ಒಂದು ಥರ್ಮೋಸ್ಟಾಟ್. ಈ ಕಥೆ ಶುರುವಾಗುವ ಹೊತ್ತಿಗೆ ಒಳಗೆ ದೊಡ್ಡವು ಚಿಕ್ಕವು ಸೇರಿ ಸುಮಾರು 300 ಡೂಬಿಯಾ ಜಿರಳೆಗಳಿದ್ದವು.

ಡೂಬಿಯಾ ದಕ್ಷಿಣ ಅಮೆರಿಕ ಮೂಲದ ಜಿರಳೆ. ಪೂರ್ತಿ ಹೆಸರು ಬ್ಲಾಪ್ಟಿಕಾ ಡೂಬಿಯಾ. ಮನೆಗಳಲ್ಲಿ ಕಾಣುವ ಜಿರಳೆಯಷ್ಟು ಚುರುಕಲ್ಲ. ನುಣುಪಾದ ಗೋಡೆ ಹತ್ತಲು ಇದಕ್ಕೆ ಬರುವುದಿಲ್ಲ, ಅದಕ್ಕೇ ಸಾಕುವವರಿಗೆ ಇಷ್ಟ. ಹೆಣ್ಣು ಮೊಟ್ಟೆಚೀಲವನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಸುಮಾರು 2 ತಿಂಗಳಿಗೆ 20ರಿಂದ 30 ಮರಿ ಹಾಕುತ್ತದೆ. ಮರಿ ದೊಡ್ಡದಾಗಲು 4ರಿಂದ 6 ತಿಂಗಳು ಬೇಕು. ಅಷ್ಟರಲ್ಲಿ ಆರೇಳು ಸಲ ಪೊರೆ ಬಿಡುತ್ತದೆ. ಕೊನೆಯ ಪೊರೆ ಬಿಟ್ಟ ಮೇಲೆ ಗಂಡಿಗೆ ಉದ್ದ ರೆಕ್ಕೆ, ಹೆಣ್ಣಿಗೆ ಮೋಟು ರೆಕ್ಕೆ. ಆಮೇಲೆ ಪೊರೆ ಬಿಡುವುದೇ ಇಲ್ಲ. ಈ ರೆಕ್ಕೆ ವಿಚಾರ ನೆನಪಿರಲಿ, ಮುಂದೆ ಬೇಕಾಗುತ್ತದೆ.

ವಾರಕ್ಕೊಮ್ಮೆ ಟ್ರೇ ಎತ್ತಿ, ಸತ್ತವನ್ನು ಚಿಮಟದಲ್ಲಿ ತೆಗೆಯುತ್ತಿದ್ದೆ. ಸಾಮಾನ್ಯವಾಗಿ 3 ಅಥವಾ 4 ಸಿಗುತ್ತಿದ್ದವು. ಎಷ್ಟು ಸಿಕ್ಕವು ಅಂತ ಡಬ್ಬಿಯ ಮೇಲೆ ಅಂಟಿಸಿದ ಟೇಪಿನಲ್ಲಿ ಬರೆದಿಡುತ್ತಿದ್ದೆ. ಅದೊಂದು ಚಟ, ಅಷ್ಟೇ. ಆದರೆ ವಾರ ತಪ್ಪಿದರೆ ಡಬ್ಬಿ ನಾರುತ್ತಿತ್ತು. ಸತ್ತ ಜಿರಳೆ ತೇವದ ಕಡೆ ಬಿದ್ದರೆ ಬೂಷ್ಟು ಹಿಡಿಯುತ್ತದೆ. ಅದರ ಹಿಂದೆಯೇ ನುಸಿ ಬರುತ್ತದೆ, ಸಣ್ಣ ನೊಣ ಬರುತ್ತದೆ. ಒಮ್ಮೆ ಮುಚ್ಚಳ ತೆಗೆದಾಗ ಆ ನೊಣಗಳ ಹಿಂಡೇ ಮುಖಕ್ಕೆ ಬಂತು. ಅವತ್ತೇ ಸತ್ತ ಜಿರಳೆಗಳನ್ನು ತಿಂದು ಮುಗಿಸುವ ದುಂಬಿ ಹಾಕಿಬಿಡೋಣ ಅಂತ ತೀರ್ಮಾನ ಮಾಡಿದೆ.

ಯಾವ ದುಂಬಿ?

ಈ ಕೆಲಸಕ್ಕೆ ಜನ ಎರಡು ಜಾತಿಯ ದುಂಬಿ ಬಳಸುತ್ತಾರೆ. ಒಂದು ಡರ್ಮೆಸ್ಟಿಡ್. ಮ್ಯೂಸಿಯಂಗಳಲ್ಲಿ ಪ್ರಾಣಿಗಳ ಎಲುಬಿನಿಂದ ಒಣ ಮಾಂಸ ಬಿಡಿಸಲು ಬಿಡುತ್ತಾರಲ್ಲ, ಅದೇ ದುಂಬಿ. ಡರ್ಮೆಸ್ಟಿಸ್ ಮ್ಯಾಕ್ಯುಲೇಟಸ್ ಅಂತ ಹೆಸರು. ಕೆಲಸದಲ್ಲಿ ಇದನ್ನು ಮೀರಿಸುವವರಿಲ್ಲ. ಆದರೆ ಇದರ ಮರಿಹುಳಕ್ಕೆ ಮೈತುಂಬಾ ಕೂದಲು. ಆ ಕೂದಲು ಉದುರಿ ಹಿಕ್ಕೆಯ ಜೊತೆ ಬೆರೆತರೆ ಕೆಲವರಿಗೆ ಚರ್ಮ ತುರಿಸುತ್ತದೆ, ಮೂಗು ಕಟ್ಟುತ್ತದೆ. ಕೋಶ ಕಟ್ಟುವ ಹೊತ್ತಿಗೆ ಮರಿಹುಳ ಮರ, ಥರ್ಮಾಕೋಲ್, ಕಾರ್ಕ್ ಏನು ಸಿಕ್ಕರೂ ಕೊರೆದು ಒಳಗೆ ಸೇರುತ್ತದೆ. ಬಿಸಿ ಜಾಸ್ತಿಯಾದರೆ ದೊಡ್ಡ ದುಂಬಿ ಹಾರುವುದೂ ಉಂಟು. ಚರ್ಮದ ವಸ್ತು, ಒಣಗಿಸಿಟ್ಟ ಕೀಟಗಳ ಸಂಗ್ರಹ ಇರುವ ಮನೆಗೆ ಇದು ಬೇಡವೇ ಬೇಡ.

ಎರಡನೆಯದು ಬಫಲೋ ದುಂಬಿ. ಆಲ್ಫಿಟೋಬಿಯಸ್ ಡಯಾಪೆರಿನಸ್. ಸುಮಾರು 6 ಮಿಲಿಮೀಟರ್ ಉದ್ದದ ಕಪ್ಪು ಮಿರುಗುವ ಹುಳ. ಸಾಕುಪ್ರಾಣಿಗೆ ಮೇವಾಗಿ ಕೊಡುವ ಮೀಲ್‌ವರ್ಮ್‌ನ ಹತ್ತಿರದ ನೆಂಟ. ಮರಿಹುಳ ನುಣುಪು, ತುರಿಕೆ ಕೂದಲಿಲ್ಲ. ನುಣುಪಾದ ಪ್ಲಾಸ್ಟಿಕ್ ಹತ್ತುವುದಿಲ್ಲ. ಇದಕ್ಕೂ ಕೆಟ್ಟ ಹೆಸರಿದೆ. ಕೋಳಿ ಫಾರಂಗಳಲ್ಲಿ ಕೋಳಿಗಳ ಕಾಲಡಿಯ ಹಾಸಿನಲ್ಲಿ ಲಕ್ಷಗಟ್ಟಲೆ ಬೆಳೆದು, ಗೋಡೆಯ ಫೋಮ್ ಕೊರೆದು, ರೋಗಾಣುಗಳನ್ನು ಹೊತ್ತು ತಿರುಗುವ ಕೀಟ ಇದೇ. ತಮಾಷೆ ಅಂದರೆ ಇದೇ ಹುಳುವಿನ ಮರಿಯನ್ನು ಮನುಷ್ಯರ ಆಹಾರವಾಗಿ ಮಾರಲು ಯುರೋಪಿಯನ್ ಒಕ್ಕೂಟ 2023ರಲ್ಲಿ ಒಪ್ಪಿಗೆ ಕೊಟ್ಟಿದೆ.

ಇನ್ನೊಂದು ವ್ಯತ್ಯಾಸ ನನಗೆ ಆಗ ಅಷ್ಟು ಮುಖ್ಯ ಅನ್ನಿಸಲಿಲ್ಲ. ಡರ್ಮೆಸ್ಟಿಡ್ ಬದುಕುವುದು ಸತ್ತ ಪ್ರಾಣಿಯ ಮೇಲೆ. ಬಫಲೋ ಹಾಗಲ್ಲ. ಧಾನ್ಯ, ಹಿಟ್ಟು, ಜಿರಳೆಗೆ ಹಾಕಿದ ಒಣ ಆಹಾರ, ಕ್ಯಾರೆಟ್, ಎಲ್ಲವೂ ನಡೆಯುತ್ತದೆ.

ಬಫಲೋವನ್ನೇ ಆರಿಸಿದೆ. ದುಂಬಿ, ಮರಿಹುಳ ಸೇರಿ ಒಂದು ನೂರು ಹಾಕಿರಬಹುದು.

ಒಳ್ಳೆಯ ದಿನಗಳು

ಮೂರನೇ ವಾರಕ್ಕೆ ವ್ಯತ್ಯಾಸ ಗೊತ್ತಾಯಿತು. ವಾಸನೆ ಕಡಿಮೆಯಾಯಿತು. ನೊಣ ಇಲ್ಲ. ಟ್ರೇ ಎತ್ತಿದರೆ ಒಂದೂ ಸತ್ತ ಜಿರಳೆ ಇಲ್ಲ. ಒಮ್ಮೆ ಬೇಕಂತಲೇ ಸತ್ತ ದೊಡ್ಡ ಹೆಣ್ಣೊಂದನ್ನು ರಾತ್ರಿ ಒಳಗೆ ಬಿಟ್ಟು ನೋಡಿದೆ. ಬೆಳಿಗ್ಗೆ ಅದರ ಮೈ ಟೊಳ್ಳಾಗಿತ್ತು. ಮಾರನೇ ದಿನ ಹೊಟ್ಟೆಯ ಚಿಪ್ಪು ಬಿಡಿಬಿಡಿಯಾಗಿತ್ತು. ನಾಲ್ಕನೇ ದಿನ ಹುಡುಕಿದರೂ ಸಿಗಲಿಲ್ಲ.

ಟೇಪಿನ ಮೇಲೆ ಸೊನ್ನೆ ಬರೆದೆ. ಮುಂದಿನ ವಾರ ಇನ್ನೊಂದು ಸೊನ್ನೆ. ಎಷ್ಟು ಅಂತ ಸೊನ್ನೆ ಬರೆಯುವುದು? ಬರೆಯುವುದನ್ನೇ ಬಿಟ್ಟೆ. ಆಮೇಲೆ ಟ್ರೇ ಎತ್ತುವುದನ್ನೂ ಬಿಟ್ಟೆ. ಎತ್ತಿ ತೆಗೆಯಲು ಏನೂ ಇಲ್ಲವಲ್ಲ. ವಾರಕ್ಕೊಮ್ಮೆ ಮುಚ್ಚಳ ತೆಗೆದು ಒಣ ಆಹಾರ ಸುರಿಯುವುದು, ಜಿರಳೆಗೆ ನೀರಿಗಾಗಿ ಇಡುವ ಜೆಲ್‌ನ ತಟ್ಟೆ ತುಂಬುವುದು, ಎರಡು ತುಂಡು ಕ್ಯಾರೆಟ್ ಎಸೆಯುವುದು, ಮುಚ್ಚುವುದು. ಎರಡು ನಿಮಿಷದ ಕೆಲಸ.

ಹಿಕ್ಕೆ ಜರಡಿ ಹಿಡಿಯುವುದನ್ನು ಮಾತ್ರ ಯೋಚಿಸಿಯೇ ನಿಲ್ಲಿಸಿದೆ. ದುಂಬಿಗೆ ಅಡಗಲು ಒಂದಿಷ್ಟು ಪದರ ಬೇಕು. ಜರಡಿ ಹಿಡಿದರೆ ದುಂಬಿಯ ಮೊಟ್ಟೆ, ಮರಿ ಎಲ್ಲ ಹೊರಗೆ ಹೋಗುತ್ತವೆ. ಹೀಗಾಗಿ ಹಿಕ್ಕೆ ಬೆಳೆಯುತ್ತಾ ಹೋಯಿತು. ದುಂಬಿ ಹಿಕ್ಕೆಯನ್ನೂ ತಿಂದು ಮುಗಿಸುತ್ತದೆ ಅಂತ ಕೆಲವರು ನಂಬಿದ್ದಾರೆ. ಇಲ್ಲ. ಕೆದಕಿ ಸಡಿಲ ಮಾಡುತ್ತದೆ, ಒಣಗಿಸುತ್ತದೆ, ತನ್ನ ಹಿಕ್ಕೆಯನ್ನೂ ಸೇರಿಸುತ್ತದೆ.

ಏನೋ ಸರಿಯಿಲ್ಲ

ಐದನೇ ತಿಂಗಳು. ಓತಿಗೆ ಹಾಕಲು ಸಣ್ಣ ಮರಿ ಬೇಕಿತ್ತು. ಟ್ರೇ ಎತ್ತಿ ಕೊಡವಿದೆ. ಮರಿಗಳು ಬೀಳಬೇಕಿದ್ದ ಕಡೆ ದುಂಬಿಗಳು ಸುರಿದವು. ಕಪ್ಪು ಎಳ್ಳು ಸುರಿದ ಹಾಗೆ. ಮಧ್ಯೆ ಅಲ್ಲೊಂದು ಇಲ್ಲೊಂದು ಜಿರಳೆ ಮರಿ. ದೊಡ್ಡವೂ ಕಡಿಮೆ ಅನ್ನಿಸಿತು. ಒಳಗೋಡೆಗೆ ನಾನು ಶಾಖ ಉಳಿಯಲಿ ಅಂತ ಅಂಟಿಸಿದ್ದ ಥರ್ಮಾಕೋಲ್ ಜರಡಿಯಾಗಿತ್ತು. ಅದು ನನ್ನದೇ ಬುದ್ಧಿಗೇಡಿತನ. ಕೊರೆಯುವ ಹುಳ ಬಿಡುವ ಡಬ್ಬಿಯಲ್ಲಿ ಫೋಮ್ ಇಡಬಾರದು.

ಅವತ್ತು ರಾತ್ರಿ ಕೆಂಪು ಬೆಳಕಿನ ಟಾರ್ಚ್ ಹಿಡಿದು ಕುಳಿತೆ. ಸುಮಾರು ಒಂದು ಗಂಟೆ ಆದ ಮೇಲೆ ನೋಡಿದ್ದು ಇದು: ಟ್ರೇಯ ಕೆಳತುದಿಯಲ್ಲಿ ಒಂದು ಜಿರಳೆ ಪೊರೆ ಬಿಡುತ್ತಿತ್ತು. ಆಗಷ್ಟೇ ಹೊರಬಂದ ಮೈ ಹಾಲಿನಂತೆ ಬಿಳಿ, ಮೆತ್ತಗೆ. ಹಿಂಗಾಲುಗಳು ಹಳೆಯ ಪೊರೆಯಲ್ಲೇ ಸಿಕ್ಕಿಕೊಂಡಿದ್ದವು. ಅದರ ಹೊಟ್ಟೆಗೆ ನಾಲ್ಕೈದು ದುಂಬಿ ಮರಿಹುಳಗಳು ಬಾಯಿ ಹಾಕಿದ್ದವು. ಜಿರಳೆ ಇನ್ನೂ ಮೀಸೆ ಆಡಿಸುತ್ತಿತ್ತು.

ಬೇಲಿಯೇ ಎದ್ದು ಹೊಲ ಮೇಯ್ದಿದೆ ಅಂದುಕೊಂಡೆ. ಬಹಳ ಜನ ಇಲ್ಲೇ ನಿಲ್ಲುತ್ತಾರೆ. ದುಂಬಿ ಹಾಕಿದೆ, ದುಂಬಿ ಜಿರಳೆ ತಿಂದಿತು, ದುಂಬಿ ಕೆಟ್ಟದ್ದು. ನಾನೂ ಎರಡು ವಾರ ಹಾಗೇ ನಂಬಿದ್ದೆ.

ದುಂಬಿ ಹಿಡಿಯುವ ಕೆಲಸ

ಜರಡಿಯಿಂದ ಬೇರ್ಪಡಿಸಬಹುದು ಅಂತ ಮೊದಲು ಹೊರಟೆ. ಆಗಲಿಲ್ಲ. ದುಂಬಿ ಇಳಿಯುವ ಕಣ್ಣಿನಲ್ಲಿ ಆಗಷ್ಟೇ ಹುಟ್ಟಿದ ಜಿರಳೆ ಮರಿಯೂ ಇಳಿಯುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ. ಉಳಿದ ದಾರಿ ಕ್ಯಾರೆಟ್. ದಪ್ಪ ಬಿಲ್ಲೆಗಳನ್ನು ಸಂಜೆ ಹಿಕ್ಕೆಯ ಮೇಲೆ ಇಟ್ಟು, ಬೆಳಿಗ್ಗೆ ಬೇಗ ಎತ್ತಿ, ಅಡಿಗೆ ಅಂಟಿಕೊಂಡ ದುಂಬಿ ಮತ್ತು ಮರಿಹುಳಗಳನ್ನು ಬಟ್ಟಲಿಗೆ ಕೊಡವುವುದು. ತೇವ ಬೇಕಾದ ಹುಳ ಓಡಿ ಬರುತ್ತದೆ. ಮೊದಲ ಬೆಳಿಗ್ಗೆ ಒಂದೊಂದು ಬಿಲ್ಲೆಯ ಅಡಿಯಲ್ಲೂ ಎಣಿಸಲಾಗದಷ್ಟು ಇದ್ದವು. ಆಗ ಒಂದು ಪ್ರಶ್ನೆ ಹೊಳೆಯಬೇಕಿತ್ತು: ಇವಕ್ಕೆ ಇಷ್ಟು ಬಾಯಾರಿಕೆ ಯಾಕೆ? ಹೊಳೆಯಲಿಲ್ಲ.

ಮರಿಹುಳಗಳನ್ನು ಓತಿ ಖುಷಿಯಿಂದ ತಿಂದಿತು. ದೊಡ್ಡ ದುಂಬಿಯನ್ನು ಬಾಯಿಗೆ ಹಾಕಿಕೊಂಡು ಉಗುಳಿತು. ಈ ಕುಟುಂಬದ ದುಂಬಿಗಳು ಘಾಟು ರಸ ಬಿಡುತ್ತವೆ. ದೊಡ್ಡವನ್ನೆಲ್ಲ ಫ್ರೀಜರಿಗೆ ಹಾಕಿದೆ.

ಹತ್ತು ಹನ್ನೆರಡು ರಾತ್ರಿ ಹೀಗೆ ಮಾಡಿದ ಮೇಲೆ ದುಂಬಿ ತೀರಾ ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ, ಹೋಗುವುದೂ ಇಲ್ಲ. ಇನ್ನು ಜಿರಳೆಗಳು ಬದುಕಿದವು ಅಂತ ಅಂದುಕೊಂಡೆ.

ಆಮೇಲಿನ ವಾರ ಟ್ರೇ ಎತ್ತಿದರೆ ಸತ್ತ ಜಿರಳೆ 9. ಅದರ ಮುಂದಿನ ವಾರ 11.

ಇದು ನನಗೆ ದೊಡ್ಡ ಏಟು. ತಿನ್ನುವ ದುಂಬಿ ಇಲ್ಲ, ಆದರೂ ಸಾವು ಮೊದಲಿನ ಮೂರು ಪಟ್ಟು. ಆ 20 ಜಿರಳೆಗಳನ್ನೂ ಬಿಳಿ ಹಾಳೆಯ ಮೇಲೆ ಸಾಲಾಗಿ ಇಟ್ಟು ನೋಡಿದೆ. ಮುಕ್ಕಾಲುಪಾಲು ಪೊರೆ ಬಿಡುತ್ತಾ ಸತ್ತವು. ಅರ್ಧ ಒಳಗೆ, ಅರ್ಧ ಹೊರಗೆ. ಕಾಲು ತಿರುಚಿಕೊಂಡಿದ್ದವು. ಮೈಮೇಲೆ ಕಚ್ಚಿದ ಗುರುತಿಲ್ಲ. ಟಾರ್ಚ್ ಬೆಳಕಿನಲ್ಲಿ ನೋಡಿದ ಬಿಳಿ ಜಿರಳೆಯ ಹಿಂಗಾಲು ಯಾಕೆ ಪೊರೆಯಲ್ಲಿ ಸಿಕ್ಕಿಕೊಂಡಿತ್ತು ಅಂತ ಆಗ ಅರ್ಥವಾಯಿತು. ದುಂಬಿ ಅದನ್ನು ಬೀಳಿಸಿರಲಿಲ್ಲ. ಆಗಲೇ ಬಿದ್ದಿದ್ದನ್ನು ತಿನ್ನುತ್ತಿತ್ತು.

ಹಿಕ್ಕೆಯ ಅಡಿಯಲ್ಲಿ

ಮಾಸ್ಕ್ ಹಾಕಿಕೊಂಡು ಡಬ್ಬಿ ಪೂರ್ತಿ ಖಾಲಿ ಮಾಡಿದೆ. ಮಾಸ್ಕ್ ವಿಷಯದಲ್ಲಿ ಸೋಮಾರಿತನ ಬೇಡ. ಜಿರಳೆಯ ಹಿಕ್ಕೆ ಮತ್ತು ಪೊರೆಯ ಪುಡಿ ಅಲರ್ಜಿಗೆ, ಆಸ್ತಮಾಗೆ ಹೆಸರಾದದ್ದು. ವರ್ಷಗಟ್ಟಲೆ ಏನೂ ಆಗದೆ ಆಮೇಲೆ ಶುರುವಾದವರೂ ಇದ್ದಾರೆ.

ಹಿಕ್ಕೆ 5 ಸೆಂಟಿಮೀಟರ್ ದಪ್ಪ ಇತ್ತು. ಅದರ ಅಡಿಯಲ್ಲಿ, ಡಬ್ಬಿಯ ತಳಕ್ಕೆ ಅಂಟಿಕೊಂಡು, ಥರ್ಮೋಸ್ಟಾಟಿನ ಪ್ರೋಬ್, ಅಂದರೆ ಶಾಖ ಅಳೆಯುವ ತುದಿ. ಅದನ್ನು ನಾನೇ ತಳದಲ್ಲಿ ಇಟ್ಟಿದ್ದೆ, ಹಿಕ್ಕೆ ತೆಳ್ಳಗಿದ್ದಾಗ. ತೆಳ್ಳಗಿದ್ದಾಗ ತೊಂದರೆ ಇರಲಿಲ್ಲ. ತಳದ ಶಾಖ ಮೇಲೆ ಹೋಗುತ್ತಿತ್ತು. ದಪ್ಪ ಹಿಕ್ಕೆ ಕಂಬಳಿಯ ಹಾಗೆ. ಕಂಬಳಿಯ ಅಡಿಯಲ್ಲಿ 31 ಡಿಗ್ರಿ ಆದ ತಕ್ಷಣ ಪ್ರೋಬ್ ಮ್ಯಾಟನ್ನು ಆರಿಸಿಬಿಡುತ್ತಿತ್ತು. ಜಿರಳೆಗಳಿರುವ ಟ್ರೇಗಳ ನಡುವೆ ಬೇರೆ ಥರ್ಮಾಮೀಟರ್ ಇಟ್ಟು, ಡಬ್ಬಿ ಖಾಲಿ ಮಾಡುವ ಮೊದಲೇ ಅಳೆದಿದ್ದೆ. ಅಲ್ಲಿದ್ದದ್ದು 23, 24. ಡೂಬಿಯಾ ಚೆನ್ನಾಗಿ ಮರಿ ಹಾಕಲು 28ರಿಂದ 32 ಬೇಕು. ಹುಟ್ಟಬೇಕಾದ ಮರಿಗಳು ಹುಟ್ಟಿಯೇ ಇರಲಿಲ್ಲ. ಬೆಚ್ಚಗೆ ಇದ್ದದ್ದು ಹಿಕ್ಕೆಯೊಳಗೆ. ಅಲ್ಲಿದ್ದವರು ದುಂಬಿಗಳು.

ನೀರಿನ ತಟ್ಟೆ ಇನ್ನೊಂದು ಕಥೆ. ಅದು ಹಿಕ್ಕೆಯ ಮಟ್ಟಕ್ಕೇ ಹುಗಿದುಹೋಗಿತ್ತು. ದುಂಬಿಗಳು ನೇರವಾಗಿ ಒಳಗೆ ನಡೆದು, ಜೆಲ್ ಹೀರಿ, ಹಿಕ್ಕೆ ಎಳೆದು ತಂದು ತುಂಬಿದ್ದವು. ವಾರಕ್ಕೊಮ್ಮೆ ನಾನು ತುಂಬುವಾಗ ಮೇಲೆ ಒಂದು ಪದರ ಹಾಕುತ್ತಿದ್ದೆ, ಅಷ್ಟೇ. ದುಂಬಿ ಹೆಚ್ಚಿದ್ದ ಕಾಲದಲ್ಲಿ ಅದು ಎರಡು ದಿನಕ್ಕೇ ಕಪ್ಪು ಚಕ್ಕೆಯಾಗುತ್ತಿತ್ತು ಅನ್ನುವುದು ಈಗ ಸ್ಪಷ್ಟ. ಉಳಿದ ಐದು ದಿನ ಡಬ್ಬಿಯಲ್ಲಿ ನೀರಿಲ್ಲ. ಮೈಯಲ್ಲಿ ನೀರು ಕಡಿಮೆಯಾದ ಜಿರಳೆ, ಒಣ ಗಾಳಿ, ಪೊರೆ ಬಿಡುವ ಹೊತ್ತು. ಮೂರೂ ಸೇರಿದರೆ ಪೊರೆ ಸಿಕ್ಕಿಕೊಳ್ಳುತ್ತದೆ.

ಈಗ ರೆಕ್ಕೆ. ದುಂಬಿ ಮಾಂಸ ತಿನ್ನುತ್ತದೆ, ಗಟ್ಟಿ ರೆಕ್ಕೆಯನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಹಿಕ್ಕೆ ಜರಡಿ ಹಿಡಿದಾಗ ಮೇಲೆ ಉಳಿದ ಕಸದಲ್ಲಿ ಗಂಡಿನ ಉದ್ದ ರೆಕ್ಕೆಗಳು ಕಾಣಿಸಿದವು. ಪೊರೆಯಾದರೆ ಬದುಕಿರುವ ಜಿರಳೆಯದ್ದೂ ಇರಬಹುದು. ರೆಕ್ಕೆ ಹಾಗಲ್ಲ. ರೆಕ್ಕೆ ಬಂದ ಜಿರಳೆ ಮತ್ತೆ ಪೊರೆ ಬಿಡುವುದಿಲ್ಲ. ಉದುರಿದ ಜೋಡಿ ರೆಕ್ಕೆ ಅಂದರೆ ಸತ್ತ ಗಂಡು. ಕೂತು ಎಣಿಸಿದೆ. ಮೇಲಿನ ಗಟ್ಟಿ ರೆಕ್ಕೆಗಳೇ 96. ಅಂದರೆ ಕಡಿಮೆ ಅಂದರೂ 48 ಗಂಡು. ಹಳೆಯ ಟೇಪಿನ ಲೆಕ್ಕದಲ್ಲಿ ವಾರಕ್ಕೆ ಒಂದು ಗಂಡು ಸಾಯುತ್ತಿತ್ತು. ಐದು ತಿಂಗಳಿಗೆ ಇಪ್ಪತ್ತು ಚಿಲ್ಲರೆ ಇರಬೇಕಿತ್ತು. ನಾನು ಸೊನ್ನೆ, ಸೊನ್ನೆ ಅಂತ ಬರೆದು ಆಮೇಲೆ ಬರೆಯುವುದನ್ನೇ ಬಿಟ್ಟ ಆ ದಿನಗಳಲ್ಲಿ ಸಾವು ದುಪ್ಪಟ್ಟಾಗಿತ್ತು.

ಇನ್ನೊಂದು ಗುರುತೂ ಕಾಣೆಯಾಗಿತ್ತು. ಹೆಣ್ಣು ಡೂಬಿಯಾಕ್ಕೆ ನೀರು, ಶಾಖ ಸಾಲದಿದ್ದರೆ ಮೊಟ್ಟೆಚೀಲವನ್ನು ಅರ್ಧಕ್ಕೇ ಉದುರಿಸಿಬಿಡುತ್ತದೆ. ಹಳದಿ ಬಣ್ಣದ, ಸಾಲು ಸಾಲು ಮೊಟ್ಟೆ ಕಾಣುವ ಚೀಲ. ಸಾಕುವವರಿಗೆ ಅದು ಸಿಕ್ಕರೆ ಎದೆ ಧಸಕ್ ಅನ್ನುತ್ತದೆ, ತಕ್ಷಣ ನೀರು ಶಾಖ ನೋಡುತ್ತಾರೆ. ನನಗೆ ಒಂದೂ ಸಿಕ್ಕಿರಲಿಲ್ಲ. ಮೆತ್ತನೆಯ ಆ ಚೀಲ ದುಂಬಿಗೆ ಹಬ್ಬದೂಟ, ಬೆಳಗಾಗುವುದರೊಳಗೆ ಖಾಲಿ. ದುಂಬಿ ತೆಗೆದ ಮೇಲೆ ಮೂರು ಸಿಕ್ಕವು.

ದುಂಬಿಗೆ ಇಷ್ಟೊಂದು ಊಟ ಎಲ್ಲಿಂದ ಬಂತು ಅನ್ನುವುದಕ್ಕೆ ಪೂರ್ತಿ ಉತ್ತರ ಸಾವು ಮಾತ್ರ ಅಲ್ಲ. ನಾನು ಒಣ ಆಹಾರವನ್ನು ತಟ್ಟೆಯಲ್ಲಿ ಹಾಕದೆ ಹಾಗೇ ಸುರಿಯುತ್ತಿದ್ದೆ. ಅರ್ಧ ಹಿಕ್ಕೆಯೊಳಗೆ ಇಳಿಯುತ್ತಿತ್ತು. ಬಫಲೋ ಅದನ್ನೂ ತಿಂದು ಬೆಳೆಯಿತು. ಡರ್ಮೆಸ್ಟಿಡ್ ಆಗಿದ್ದರೆ ದುಂಬಿಯ ಸಂಖ್ಯೆಯನ್ನೇ ಸಾವಿನ ಲೆಕ್ಕ ಅಂತ ಓದಬಹುದಿತ್ತು. ಬಫಲೋದಲ್ಲಿ ಆ ಓದು ಅಷ್ಟು ಶುದ್ಧವಾಗಿ ಬರುವುದಿಲ್ಲ. ಆದರೂ ಎಳ್ಳು ಸುರಿದ ಹಾಗೆ ಬೀಳುವಷ್ಟು ದುಂಬಿ ನೋಡಿ ನನಗೆ ಸಂಶಯ ಬರಬೇಕಿತ್ತು ಅಲ್ವಾ?

ಬದಲಿಸಿದ್ದು

ದೊಡ್ಡ ಜಿರಳೆಗಳನ್ನು ಕೈಯಲ್ಲಿ ಹೊಸ ಡಬ್ಬಿಗೆ ಹಾಕಿದೆ. ಸಣ್ಣವಕ್ಕೆ ಒಂದು ಉಪಾಯ ಸಿಕ್ಕಿತು. ಜರಡಿಯಿಂದ ಇಳಿದ ಹಿಕ್ಕೆಯನ್ನು ಅಗಲ ತಟ್ಟೆಯಲ್ಲಿ ಹರವಿ, ನಡುವೆ ಮೊಟ್ಟೆ ಟ್ರೇ ತುಂಡುಗಳನ್ನು ನೆಟ್ಟಗೆ ನಿಲ್ಲಿಸಿ, ಪಕ್ಕದಲ್ಲಿ ದೀಪ ಹಚ್ಚುವುದು. ಮರಿಗಳು ಟ್ರೇ ಹತ್ತಿ ಅದರ ನೆರಳಿಗೆ ಸೇರುತ್ತವೆ, ದುಂಬಿ ಕೆಳಗೆ ಹಿಕ್ಕೆಯೊಳಗೆ ಇಳಿಯುತ್ತದೆ. ಟ್ರೇ ಎತ್ತಿ ಹೊಸ ಡಬ್ಬಿಗೆ ಕೊಡವುವುದು. ನಾಲ್ಕೈದು ಸಲ ಮಾಡಿದೆ. ಕೆಲವು ದುಂಬಿ ಜೊತೆಗೆ ಬಂದೇ ಬಂದವು. ಉಳಿದ ಹಿಕ್ಕೆಯನ್ನು ಗಿಡಕ್ಕೆ ಹಾಕುವ ಮೊದಲು ಕೆಲವು ದಿನ ಫ್ರೀಜರಿನಲ್ಲಿಟ್ಟೆ. ಬದುಕಿರುವ ದುಂಬಿಯನ್ನು ಹೊರಗೆ ಎಸೆಯಬೇಡಿ. ಹತ್ತಿರದಲ್ಲಿ ಯಾರದ್ದಾದರೂ ಕೋಳಿ ಗೂಡಿದ್ದರೆ ಅವರಿಗೆ ತಲೆನೋವು.

ಪ್ರೋಬ್ ಈಗ ಟ್ರೇಗಳ ನಡುವೆ, ಅರ್ಧ ಎತ್ತರದಲ್ಲಿ ನೇತಾಡುತ್ತದೆ. ಮ್ಯಾಟ್ ತಳದಿಂದ ಪಕ್ಕದ ಗೋಡೆಗೆ ಬಂದಿದೆ. ದಪ್ಪ ಹಿಕ್ಕೆಯ ಅಡಿಯ ಮ್ಯಾಟಿಗೆ ಥರ್ಮೋಸ್ಟಾಟ್ ಕೈಕೊಟ್ಟರೆ ಏನಾಗುತ್ತದೆ ಅಂತ ಯೋಚಿಸಿ ಹೆದರಿಯೇ ಹಾಗೆ ಮಾಡಿದ್ದು. ಆಹಾರ ಮತ್ತು ಜೆಲ್ ನುಣುಪು ಗೋಡೆಯ ಗಾಜಿನ ಬಟ್ಟಲುಗಳಲ್ಲಿವೆ. ಜಿರಳೆ ಇಳಿದು ಹತ್ತಲು ಒಳಗೊಂದು ರಟ್ಟಿನ ತುಂಡು. ಬಟ್ಟಲುಗಳನ್ನು ಎತ್ತರದ ಮೇಲೆ ಇಟ್ಟಿದ್ದೇನೆ. ದುಂಬಿ ರಟ್ಟು ಹತ್ತಿ ಬರುವುದಿಲ್ಲ ಅಂತಲ್ಲ, ಆದರೆ ಹಿಂಡಾಗಿ ಬರುವುದು ನಿಂತಿದೆ. ಜೆಲ್ ಮೂರು ದಿನಕ್ಕೊಮ್ಮೆ.

ಸಾವು ಐದಾರು ವಾರದಲ್ಲಿ ಹಳೆಯ ಮಟ್ಟಕ್ಕೆ ಇಳಿಯಿತು. ಮರಿಗಳು ಬರಲು ಮೂರು ತಿಂಗಳು ಹಿಡಿಯಿತು. ಹೊಟ್ಟೆಯಲ್ಲಿ ಹೊಸ ಚೀಲ ಬೆಳೆಯಬೇಕಲ್ಲ.

ಮತ್ತೆ ದುಂಬಿ ಹಾಕಿದೆಯಾ ಅಂತ ಕೇಳುತ್ತಾರೆ. ಜೊತೆಗೆ ಬಂದ ಆ ಕೆಲವೇ ಈಗ ಮತ್ತೆ ಒಂದು ಸಣ್ಣ ಪಡೆಯಾಗಿವೆ. ತೆಗೆಯಲು ಹೋಗಿಲ್ಲ. ಹಿಕ್ಕೆಯನ್ನು ತಿಂಗಳಿಗೊಮ್ಮೆ ಜರಡಿ ಹಿಡಿದು 2 ಸೆಂಟಿಮೀಟರ್ ಮೀರದಂತೆ ನೋಡಿಕೊಳ್ಳುತ್ತೇನೆ. ಅದರಿಂದಲೇ ದುಂಬಿಯೂ ಹತೋಟಿಯಲ್ಲಿದೆ. ಜರಡಿಯ ಮೇಲೆ ಉಳಿದ ರೆಕ್ಕೆಗಳನ್ನು ಎಣಿಸುತ್ತೇನೆ. ಆ ಸಂಜೆಯೇ ಒಂದು ಕ್ಯಾರೆಟ್ ಬಿಲ್ಲೆ ಇಟ್ಟು ಬೆಳಿಗ್ಗೆ ಅಡಿಯಲ್ಲಿ ಎಷ್ಟು ದುಂಬಿ ಅಂತ ನೋಡುತ್ತೇನೆ. ಹತ್ತಿಪ್ಪತ್ತು ಇದ್ದರೆ ಸುಮ್ನೆ ಬಿಡುತ್ತೇನೆ. ಎಣಿಸಲಾಗದಷ್ಟು ಇದ್ದರೆ ಮೊದಲು ಮುಟ್ಟಿ ನೋಡುವುದು ನೀರಿನ ಬಟ್ಟಲು.

ನನ್ನ ಅಭಿಪ್ರಾಯ ಕೇಳಿದರೆ, 300 ಜಿರಳೆಯ ಡಬ್ಬಿಗೆ ದುಂಬಿ ಬೇಕಾಗಿಯೇ ಇರಲಿಲ್ಲ. ಚಿಮಟ ಸಾಕಿತ್ತು. ಸಾವಿರಗಟ್ಟಲೆ ಇರುವ ಡಬ್ಬಿಗಳಲ್ಲಿ ಕೈಯಿಂದ ಆರಿಸುವುದು ಆಗುವ ಮಾತಲ್ಲ, ಅಲ್ಲಿ ದುಂಬಿಗೆ ಬೆಲೆ ಇದೆ. ಕ್ರಿಕೆಟ್ (ಚಿಮ್ಮಂಡೆ) ಹುಳುಗಳ ಡಬ್ಬಿಗಂತೂ ಹಾಕಬೇಡಿ. ಕ್ರಿಕೆಟ್ ಒದ್ದೆ ಮಣ್ಣಿನಲ್ಲಿ ಮೊಟ್ಟೆ ಇಡುತ್ತದೆ, ದುಂಬಿ ಅಲ್ಲಿಗೇ ಹೋಗುತ್ತದೆ. ಮೀಲ್‌ವರ್ಮ್ ಡಬ್ಬಿಗೆ ಬಫಲೋ ಸೇರಿದರೆ ಕೆಲವು ತಿಂಗಳಲ್ಲಿ ಅದು ಬಫಲೋ ಡಬ್ಬಿಯೇ ಆಗಿಬಿಡಬಹುದು.

ಹೋದ ವರ್ಷ ಎರಡನೇ ಡಬ್ಬಿ ಇಟ್ಟೆ. ಅದಕ್ಕೆ ಬೇಕಂತಲೇ ದುಂಬಿ ಹಾಕಿಲ್ಲ. ಎರಡಕ್ಕೂ ಒಂದೇ ಆಹಾರ, ಒಂದೇ ನೀರು, ಅಕ್ಕಪಕ್ಕದಲ್ಲೇ ಇವೆ. ದುಂಬಿ ಇಲ್ಲದ ಡಬ್ಬಿ ಸ್ವಲ್ಪ ನಾರುತ್ತದೆ. ಅದರ ಟೇಪಿನ ಮೇಲೆ ಈ ವಾರ ಬರೆದದ್ದು 3.